ಹನ್ನೆರಡು ಮೊಳ ಮಲ್ಲಿಗೆಗೆ ಎಷ್ಟು?

ಎಂಟನೇ ಕ್ಲಾಸಿನ ಹುಡುಗಿ ಬೋರ್ಡ್ ಮೇಲೆ 35 × 12 ಮಾಡ್ತಿದ್ಳು. ಎರಡರಿಂದ ಗುಣಿಸಿ 70 ಬರೆದ್ಳು, ಅದರ ಕೆಳಗೆ ನೇರವಾಗಿ 35 ಬರೆದ್ಳು, ಕೂಡಿ 105 ಅಂತ ಗೆರೆ ಎಳೆದು ಹೋಗಿ ಕೂತ್ಕೊಂಡ್ಳು. ಅವಳಮ್ಮ ದೇವಸ್ಥಾನದ ಮುಂದೆ ಹೂ ಮಾರ್ತಾರೆ, ಸಂಜೆ ಹೊತ್ತು ಇವಳೇ ಬುಟ್ಟಿ ಮುಂದೆ ಕೂತಿರೋದನ್ನ ನೋಡಿದ್ದೆ, ಅದಕ್ಕೇ ಕೇಳ್ದೆ, "ಮೊಳ ಮಲ್ಲಿಗೆ 35 ರೂಪಾಯಿ, ನಂಗೆ ಹನ್ನೆರಡು ಮೊಳ ಬೇಕು, ಎಷ್ಟು ಕೊಡ್ಲಮ್ಮ?"

"ಹತ್ತಕ್ಕೆ ಮುನ್ನೂರೈವತ್ತು, ಇನ್ನೆರಡಕ್ಕೆ ಎಪ್ಪತ್ತು, ನಾನೂರಿಪ್ಪತ್ತು ಸಾರ್." ತಡ ಮಾಡ್ಲೇ ಇಲ್ಲ. ಮತ್ತೆ ಬೋರ್ಡ್ ಮೇಲೆ 105 ಯಾಕಿದೆ ಅಂದ್ರೆ, "ಅದು ಲೆಕ್ಕ ಸಾರ್, ಇದು ವ್ಯಾಪಾರ" ಅಂದ್ಳು.

ಇಪ್ಪತ್ತು ವರ್ಷದಿಂದ ಗಣಿತ ಪಾಠ ಮಾಡ್ತಿದ್ದೀನಿ, ಶಾಲೆಗೆ ಹೋಗೋದಕ್ಕೂ ಕಲಿಯೋದಕ್ಕೂ ಇರೋ ದೂರ ಎಷ್ಟು ಅಂತ ಇಷ್ಟು ಸ್ಪಷ್ಟವಾಗಿ ಯಾರೂ ನಂಗೆ ಹೇಳಿರ್ಲಿಲ್ಲ. ತಪ್ಪು ಅವಳದ್ದಲ್ಲ. ಎರಡನೇ ಸಾಲು ಬರೆಯೋವಾಗ "ಒಂದು ಜಾಗ ಬಿಡು, ಅಲ್ಲೊಂದು ಇಂಟು ಹಾಕು" ಅಂತ ನಾವು ಮೂರನೇ ನಾಲ್ಕನೇ ಕ್ಲಾಸಿಂದ ಹೇಳಿಕೊಡ್ತೀವಿ, ಯಾಕೆ ಬಿಡ್ಬೇಕು ಅಂತ ಹೇಳಲ್ಲ. 12ರಲ್ಲಿರೋ ಆ ಒಂದು, ಒಂದಲ್ಲ, ಹತ್ತು. ಹಾಗಾಗಿ ಕೆಳಗಿರೋದು 35 ಅಲ್ಲ, 350. ಅವಳು ಬಾಯಲ್ಲಿ ಹೇಳಿದ "ಹತ್ತಕ್ಕೆ ಮುನ್ನೂರೈವತ್ತು" ಇದೆಯಲ್ಲ, ನಾವು ಬೋರ್ಡ್ ಮೇಲೆ ಮಾಡೋ ವಿಧಾನ ಅದೇ, ಸ್ಥಾನಬೆಲೆ ಅವಳಿಗೆ ಗೊತ್ತಿತ್ತು, ಅದರ ಹೆಸರು ಗೊತ್ತಿರ್ಲಿಲ್ಲ ಅಷ್ಟೇ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ರೆಜಿಲ್‌ನ ರೆಸಿಫೆ ಊರಲ್ಲಿ ಬೀದಿ ವ್ಯಾಪಾರ ಮಾಡೋ ಮಕ್ಕಳನ್ನ ಸಂಶೋಧಕರು ನೋಡಿದ್ರು, 1985ರಲ್ಲಿ ಪ್ರಕಟ ಆಯ್ತು. ಗಿರಾಕಿ ಕೇಳಿದಾಗ 98 ಪರ್ಸೆಂಟ್ ಉತ್ತರ ಸರಿ, ಅಂಥದ್ದೇ ಲೆಕ್ಕ ಬರೀ ಅಂಕಿ ರೂಪದಲ್ಲಿ ಕೊಟ್ರೆ 37. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡ ಕೋಲ್ಕತ್ತಾ, ದೆಹಲಿ ಮಾರ್ಕೆಟ್‌ಗಳಲ್ಲಿ ಕೆಲಸ ಮಾಡೋ 1,400ಕ್ಕೂ ಹೆಚ್ಚು ಮಕ್ಕಳನ್ನ ನೋಡಿ 2025ರಲ್ಲಿ ಬರೆದದ್ದೂ ಹೀಗೇ ಇದೆ, ಅದ್ರಲ್ಲಿ ನನಗೆ ಜಾಸ್ತಿ ತಟ್ಟಿದ್ದು ಇನ್ನೊಂದು ವಿಷಯ: ಶಾಲೆ ಲೆಕ್ಕದಲ್ಲಿ ಮುಂದಿರೋ ಮಕ್ಕಳು ಮಾರ್ಕೆಟ್ ಲೆಕ್ಕದಲ್ಲಿ ತಡವರಿಸಿದ್ರು. ನಮ್ಮ ಮೊದಲ ಬೆಂಚಿನವರೂ ಅಷ್ಟೇ, ಸ್ಟೆಪ್ಸ್ ಎಲ್ಲಾ ಬಾಯಿಪಾಠ, ಹನ್ನೆರಡು ಮೊಳಕ್ಕೆ 105 ಬಂದ್ರೆ ಮೊಳಕ್ಕೆ ಒಂಬತ್ತು ರೂಪಾಯೀನೂ ಬೀಳಲ್ವಲ್ಲ ಅಂತ ಅನುಮಾನ ಬರಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 80 ಮಾರ್ಕ್ಸ್ ಪೇಪರ್‌ಗೆ, 20 ಇಂಟರ್ನಲ್‌ಗೆ, ಆ ಅನುಮಾನಕ್ಕೆ ಮಾರ್ಕ್ಸ್ ಇಲ್ಲ.

ಹಾಗಂತ ಜೀವನವೇ ಕಲಿಸುತ್ತೆ, ಸ್ಕೂಲ್ ಯಾಕೆ ಅನ್ನೋರ ಮಾತು ನಾನು ಖಂಡಿತ ಒಪ್ಪಲ್ಲ. ಬೆಳಗ್ಗೆ 900 ತಗೊಂಡು ಸಂಜೆ 1000 ಕೊಡೋ ಸಾಲದ ಮೇಲೆ ಎಷ್ಟೋ ಬೀದಿ ವ್ಯಾಪಾರ ನಡೀತಿದೆ. ನೂರು ರೂಪಾಯಿ ಹೋಯ್ತು ಅನ್ನೋದು ಬಾಯಿಲೆಕ್ಕಕ್ಕೆ ಸಿಗುತ್ತೆ, ಆ ನೂರು ಎಂಥಾ ದೊಡ್ಡದು ಅಂತ ತಿಳಿಯೋಕೆ ಶೇಕಡಾ ಬೇಕು, ಅದನ್ನ ಶಾಲೆಯೇ ಕೊಡ್ಬೇಕು.

ಈಗ ನನ್ನ ಕ್ಲಾಸಲ್ಲಿ ಲೆಕ್ಕ ಶುರು ಮಾಡೋ ಮುಂಚೆ ಅಂದಾಜು ಎಷ್ಟು ಬರಬಹುದು ಅಂತ ಮಾರ್ಜಿನ್‌ನಲ್ಲಿ ಬರೀಲೇಬೇಕು. ಇದಕ್ಕೆ ಟೈಮ್ ಹಿಡಿಯುತ್ತೆ, ಸಿಲಬಸ್ ಹಿಂದೆ ಬೀಳುತ್ತೆ, ಆದ್ರೂ ಬಿಟ್ಟಿಲ್ಲ. ಶೇಕಡಾ ಪಾಠದ ದಿನ ಆ 900-1000 ಲೆಕ್ಕಾನೇ ಕೊಟ್ಟೆ. ಆ ಹುಡುಗಿ ಮಾರ್ಜಿನ್‌ನಲ್ಲಿ "ಸುಮಾರು 10" ಅಂತ ಬರೆದು, ಆಮೇಲೆ ಭಾಗಾಕಾರ ಮಾಡಿ 11.1 ಅಂತ ತಂದು ತೋರಿಸಿದ್ಳು.

"ಸಾರ್, ಇದು ವರ್ಷಕ್ಕಾ?"

"ಒಂದು ದಿನಕ್ಕಮ್ಮ."

ನೋಟ್‌ಬುಕ್ ವಾಪಸ್ ತಗೊಂಡು ಹೋಗಿ, ಹೊಸ ಹಾಳೆ ತಿರುವಿ, ಮೊದಲಿಂದ ಮತ್ತೆ ಮಾಡೋಕೆ ಕೂತ್ಲು.