ಒಂದೇ ಬ್ಲೂಸ್ ಹಾಡು, ಹತ್ತಾರು ಗಾಯಕರು: ಅಸಲಿ ಯಾವುದು?

ಪ್ರಶ್ನೆ: ನನಗೆ ರಾಕ್ ಹಾಡುಗಳೆಂದರೆ ಇಷ್ಟ. ಆದರೆ ಇಷ್ಟವಾದ ಹಾಡಿನ ಬೆನ್ನು ಹತ್ತಿದರೆ ಅದು ಯಾರೋ ಹಳೆಯ ಬ್ಲೂಸ್ ಗಾಯಕರದ್ದಾಗಿರುತ್ತದೆ. ಅದನ್ನೇ ಜಾಝ್‌ನವರೂ ಹಾಡಿರುತ್ತಾರೆ, ಸೋಲ್‌ನವರೂ ಹಾಡಿರುತ್ತಾರೆ. ಇದು ಕದ್ದ ಹಾಗಲ್ವಾ? ಇಷ್ಟರಲ್ಲಿ ಅಸಲಿ ಯಾವುದು ಅಂತ ಗೊತ್ತಾಗೋದು ಹೇಗೆ?

ಚಿಕ್ಕ ಉತ್ತರ ಬೇಕಿದ್ದರೆ ಇಲ್ಲಿದೆ. ಬ್ಲೂಸ್ ಅಂದರೆ ಅಮೆರಿಕದ ಕರಿಯರು ಕಟ್ಟಿದ ಹಾಡಿನ ಪ್ರಕಾರ. ಆ ಲೋಕದಲ್ಲಿ ಇನ್ನೊಬ್ಬರ ಹಾಡನ್ನು ಹಾಡಿದರೆ ಯಾರೂ ಕಳ್ಳ ಅನ್ನುವುದಿಲ್ಲ. ಹಾಡಿಬಿಟ್ಟು ರೆಕಾರ್ಡಿನ ಮೇಲೆ ತನ್ನ ಹೆಸರು ಬರೆದುಕೊಂಡರೆ ಖಂಡಿತ ಅನ್ನುತ್ತಾರೆ. ಎರಡೂ ನಡೆದಿವೆ, ಕೆಲವು ಸಲ ಒಂದೇ ಹಾಡಿನಲ್ಲಿ ನಡೆದಿವೆ. ಅದಕ್ಕೇ ಗೊಂದಲ.

ಉದ್ದ ಉತ್ತರಕ್ಕೆ ನಿಮ್ಮ ಕೈ ಬೇಕು. ಎಡಗೈ ಚಾಚಿ, ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ನೋಡಿ. ಒಂದೊಂದರಲ್ಲಿ ಮೂರು ಗೆಣ್ಣು, ಒಟ್ಟು 12. ಹೆಚ್ಚಿನ ಬ್ಲೂಸ್ ಹಾಡುಗಳ ಒಂದು ಸುತ್ತು ಇಷ್ಟೇ. ಇದನ್ನೇ ಟ್ವೆಲ್ವ್ ಬಾರ್ ಎನ್ನುತ್ತಾರೆ. ಒಂದೊಂದು ಗೆಣ್ಣು ಒಂದೊಂದು ಬಾರ್, ಅಂದರೆ ನಾಲ್ಕು ಎಣಿಕೆ. ಬೆರಳನ್ನು ಮೇಲಿಂದ ಕೆಳಕ್ಕೆ ಎಣಿಸಬೇಡಿ, ಅಡ್ಡಡ್ಡ ಎಣಿಸಿ. ತೋರುಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಮೊದಲ ಸಾಲು. ಆಮೇಲೆ ನಡುವಿನ ಸಾಲು. ಆಮೇಲೆ ಬುಡದ ಸಾಲು.

ಮೊದಲ ಸಾಲಿನ ನಾಲ್ಕೂ ಗೆಣ್ಣಿನಲ್ಲಿ ಗಿಟಾರ್ ಷಡ್ಜದ ಮೇಲೆ ಕಟ್ಟಿದ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ನುಡಿಸುತ್ತದೆ. ನಡುಸಾಲಿನಲ್ಲಿ ಎರಡು ಗೆಣ್ಣು ಮಧ್ಯಮಕ್ಕೆ ಹೋಗಿ, ಮತ್ತೆರಡು ಗೆಣ್ಣು ಷಡ್ಜಕ್ಕೆ ವಾಪಸ್. ಬುಡದ ಸಾಲಿನಲ್ಲಿ ಪಂಚಮ, ಮಧ್ಯಮ, ಕೊನೆಗೆ ಎರಡು ಗೆಣ್ಣು ಷಡ್ಜ. ಸ, ಮ, ಪ. ಮೂರೇ ಕಾರ್ಡ್. ಮಾತೂ ಹಾಗೆಯೇ. ಮೊದಲ ಸಾಲಿನಲ್ಲಿ ಒಂದು ದೂರು ಹೇಳುತ್ತಾರೆ, ಎರಡನೇ ಸಾಲಿನಲ್ಲಿ ಅದನ್ನೇ ಮತ್ತೊಮ್ಮೆ ಹೇಳುತ್ತಾರೆ, ಮೂರನೆಯದರಲ್ಲಿ ಅದಕ್ಕೊಂದು ತಿರುವು. ಹಾಡುವ ದನಿ ಮಾತ್ರ ಸಾಧಾರಣ ಗಾಂಧಾರಕ್ಕೂ ಅದರ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಜಾರಾಡುತ್ತಾ ಇರುತ್ತದೆ. ಪಿಯಾನೋದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ.

ಹೀಗಾಗಿ ಈ ಚೌಕಟ್ಟು ಯಾರೊಬ್ಬರ ಸ್ವತ್ತೂ ಅಲ್ಲ. ಎಷ್ಟೋ ಸಾಲುಗಳೂ ಊರಿಂದೂರಿಗೆ ಬಾಯಿಂದ ಬಾಯಿಗೆ ಓಡಾಡಿದವು. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಒಂಟಿ ಗಿಟಾರ್ ಹಿಡಿದು ಹಾಡಿದ 'ಕ್ರಾಸ್ ರೋಡ್ ಬ್ಲೂಸ್' ಇದೆಯಲ್ಲ, ಅದನ್ನು 1968ರಲ್ಲಿ ಇಂಗ್ಲೆಂಡಿನ ಕ್ರೀಮ್ ತಂಡ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಹಾಡಿತು. ಆಗ ತಂಡದ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಜಾನ್ಸನ್‌ರ ಇನ್ನೊಂದು ಹಾಡಿನ ಚರಣವನ್ನೂ ಎತ್ತಿ ಇದಕ್ಕೆ ಜೋಡಿಸಿದರು. ಬ್ಲೂಸ್ ಕೇಳಿ ಬೆಳೆದವರಿಗೆ ಇದು ಸಹಜವಾದ ಕೆಲಸ. ಇದ್ದದ್ದನ್ನು ಇದ್ದ ಹಾಗೇ ಹಾಡಿದ್ದರೆ ಅದಕ್ಕೇ 'ನಿನ್ನದೇನಪ್ಪಾ ಇದರಲ್ಲಿ' ಎಂದು ಕೇಳುತ್ತಿದ್ದರು.

ಈಗ ಒಂದು ಹಾಡನ್ನು ಹತ್ತಿರದಿಂದ ನೋಡೋಣ. ನನ್ನ ಆಯ್ಕೆ ಟಿ-ಬೋನ್ ವಾಕರ್‌ರ 'ಸ್ಟಾರ್ಮಿ ಮಂಡೇ'. ಟೆಕ್ಸಸ್‌ನಲ್ಲಿ 1910ರಲ್ಲಿ ಹುಟ್ಟಿದ ವಾಕರ್, ಹುಡುಗನಾಗಿದ್ದಾಗ ಡಲ್ಲಾಸ್‌ನ ಬೀದಿಗಳಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಎಂಬ ಅಂಧ ಗಾಯಕರ ಕೈಹಿಡಿದು ನಡೆಸುತ್ತಿದ್ದವರು. ಬ್ಲೂಸ್‌ಗೆ ಎಲೆಕ್ಟ್ರಿಕ್ ಗಿಟಾರ್ ತಂದವರಲ್ಲಿ ಮೊದಲ ಸಾಲಿನವರು. ಈ ಹಾಡನ್ನು 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಮಾಡಿದರು. ಹೊರಗೆ ಹೇಳುವ ಕಥೆ ತೀರಾ ಸರಳ. ಸೋಮವಾರ ಕೆಟ್ಟದ್ದು, ಮಂಗಳವಾರವೂ ಅಷ್ಟೇ ಕೆಟ್ಟದ್ದು, ಬುಧವಾರ ಇನ್ನೂ ಕೆಟ್ಟದ್ದು. ಶುಕ್ರವಾರ ಹದ್ದು ಹಾರುತ್ತದೆ, ಶನಿವಾರ ಮಜಾ, ಭಾನುವಾರ ಚರ್ಚ್‌ನಲ್ಲಿ ಮಂಡಿಯೂರಿ ಪ್ರಾರ್ಥನೆ. ಹದ್ದು ಹಾರೋದು ಅಂದರೇನು ಅಂತ ನಾನೂ ಮೊದಲು ತಲೆ ಕೆರೆದುಕೊಂಡಿದ್ದೆ. ಅಮೆರಿಕದ ಡಾಲರ್ ಮೇಲಿರುವ ಹದ್ದು ಅದು. ಶುಕ್ರವಾರ ಬಟವಾಡೆ ದಿನ. ಕೂಲಿ ಮಾಡುವವರ ಇಡೀ ವಾರ ಒಂದು ಹಾಡಿನಲ್ಲಿದೆ, ಎಲ್ಲೂ ಗೋಳಾಟವಿಲ್ಲ. ವಾಕರ್ ಗಿಟಾರ್ ಕೂಡ ಹಾಗೇ. ಅವಸರವಿಲ್ಲ. ಒಂದು ಸಾಲು ಹಾಡುತ್ತಾರೆ, ಗಿಟಾರ್ ಅದಕ್ಕೆ 'ಹೌದಪ್ಪಾ ಹೌದು' ಅನ್ನುತ್ತದೆ. ಈ ಹಾಡು ಕೇಳಿಯೇ ತಾನು ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದು ಎಂದು ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಹೇಳುತ್ತಿದ್ದರು.

ಹದಿನಾಲ್ಕು ವರ್ಷ ಬಿಟ್ಟು, 1961ರಲ್ಲಿ, ಇದು ಬಾಬಿ 'ಬ್ಲೂ' ಬ್ಲಾಂಡ್ ಕೈಗೆ ಬಂತು. ಬ್ಲೂಸ್ ಎಲ್ಲಿ ಮುಗಿದು ಸೋಲ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಬೇಕಾದರೆ ಆ ಗೆರೆಯ ಮೇಲೆಯೇ ನಿಂತ ಗಾಯಕ ಇವರು. ಸೋಲ್ ಎಂದರೆ, ಒರಟಾಗಿ ಹೇಳುವುದಾದರೆ, ಕರಿಯರ ಚರ್ಚ್‌ನ ಗಾಯನವನ್ನು ಪ್ರೇಮ, ವಿರಹದ ಮಾತಿಗೆ ತಂದಿದ್ದು. ಬ್ಲಾಂಡ್‌ಗೆ ಗಂಟಲಿನಿಂದ ಒಂದು ಗೊರಕೆಯಂಥ ಸದ್ದು ಹೊರಡಿಸುವ ಅಭ್ಯಾಸವಿತ್ತು. ಅದನ್ನು ಕಲಿತದ್ದು ಪಾದ್ರಿ ಸಿ.ಎಲ್. ಫ್ರಾಂಕ್ಲಿನ್‌ರ ಪ್ರವಚನದ ರೆಕಾರ್ಡ್ ಕೇಳಿ ಎಂದು ಅವರೇ ಹೇಳಿಕೊಂಡಿದ್ದಾರೆ. ಈ ಪಾದ್ರಿ ಗಾಯಕಿ ಅರೀಥಾ ಫ್ರಾಂಕ್ಲಿನ್‌ರ ತಂದೆ. ಆ ಪ್ರವಚನದ ವಿಷಯವೂ ಹದ್ದೇ, ಬೈಬಲ್‌ನ ಹದ್ದು. ಸುಮ್ನೆ ಕಾಕತಾಳೀಯ, ಆದರೂ ನನಗೆ ಖುಷಿ ಕೊಡುವ ಕಾಕತಾಳೀಯ.

ಆದರೆ 'ಸ್ಟಾರ್ಮಿ ಮಂಡೇ'ಯಲ್ಲಿ ಬ್ಲಾಂಡ್ ದನಿ ಏರಿಸುವುದು ಕಡಿಮೆ. ತಗ್ಗಿದ ದನಿಯಲ್ಲೇ ಹೇಳಿ ಮುಗಿಸುತ್ತಾರೆ. ಅಲ್ಲಿ ಬೆರಗು ಹುಟ್ಟಿಸುವುದು ವೇಯ್ನ್ ಬೆನೆಟ್‌ರ ಗಿಟಾರ್. ಮತ್ತೆ ಕೈ ನೋಡಿಕೊಳ್ಳಿ. ನಡುವಿನ ಸಾಲಿನ ಉಂಗುರ ಬೆರಳು, ಕಿರುಬೆರಳು. ಸಾಮಾನ್ಯ ಬ್ಲೂಸ್‌ನಲ್ಲಿ ಇಲ್ಲಿ ಷಡ್ಜದಲ್ಲಿ ಸುಮ್ಮನೆ ಕೂತಿರುತ್ತಾರೆ. ಇಲ್ಲಿ ಹಾಗಲ್ಲ. ಉಂಗುರ ಬೆರಳಿನಲ್ಲಿ ಸ, ರಿ. ಕಿರುಬೆರಳಿನಲ್ಲಿ ಅಂತರ ಗಾಂಧಾರಕ್ಕೆ ಹತ್ತಿ, ತಕ್ಷಣ ಅರ್ಧ ಮೆಟ್ಟಿಲು ಇಳಿದು ಸಾಧಾರಣ ಗಾಂಧಾರ. ಅಲ್ಲಿಂದ ಬುಡದ ಸಾಲಿಗೆ ಬಿದ್ದಾಗ ಮತ್ತೆ ರಿ. ಒಂದೊಂದು ಸ್ವರದ ಮೇಲೂ ಒಂದೊಂದು ಕಾರ್ಡ್. ಮೆಟ್ಟಿಲು ಹತ್ತಿದವನು ಮೇಲೆ ಹೋಗಿ, ಯಾಕೋ ಬೇಡ ಅನ್ನಿಸಿ ಇಳಿದು ಬಂದ ಹಾಗೆ ಕೇಳುತ್ತದೆ. ಎಂಟೇ ಎಣಿಕೆಯಲ್ಲಿ ಇಷ್ಟು ನಡೆದುಹೋಗುತ್ತದೆ. ಇವತ್ತಿಗೂ ಬ್ಲೂಸ್ ನುಡಿಸುವವರು 'ಸ್ಟಾರ್ಮಿ ಮಂಡೇ ಚೇಂಜಸ್' ಅಂದರೆ ಈ ಮೆಟ್ಟಿಲುಗಳೇ.

ಅದೇ ಹೊತ್ತಿಗೆ, 1962ರಲ್ಲಿ, ಲೂ ರಾಲ್ಸ್ ಇದನ್ನು ಲೆಸ್ ಮೆಕ್ಯಾನ್‌ರ ಜಾಝ್ ತಂಡದ ಜೊತೆ ಹಾಡಿದರು. ಪಿಯಾನೋ, ಬೇಸ್, ಡ್ರಮ್ಸ್, ಅಷ್ಟೇ. ಗಿಟಾರ್ ಇಲ್ಲ. ಗಿಟಾರಿನಿಂದಲೇ ಹೆಸರಾದ ಹಾಡಿನಿಂದ ಗಿಟಾರನ್ನೇ ತೆಗೆದರೂ ಹಾಡು ಬೀಳಲಿಲ್ಲ. ಅವರ ಮೊದಲ ಆಲ್ಬಂಗೂ ಇದೇ ಹೆಸರು.

ಆಮೇಲೆ ರಾಕ್‌ನವರ ಸರದಿ. ಆಲ್ಮನ್ ಬ್ರದರ್ಸ್ ತಂಡ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಇದನ್ನು ಎಂಟು ನಿಮಿಷಕ್ಕೂ ಜಾಸ್ತಿ ಹಿಗ್ಗಿಸಿ ಹಾಡಿತು. ಅವರು ಆಧಾರವಾಗಿ ಇಟ್ಟುಕೊಂಡದ್ದು ಬ್ಲಾಂಡ್‌ರ ರೆಕಾರ್ಡನ್ನು, ಮೆಟ್ಟಿಲುಗಳ ಸಮೇತ. ಡುವೇನ್ ಆಲ್ಮನ್, ಡಿಕಿ ಬೆಟ್ಸ್ ಗಿಟಾರ್, ಗ್ರೆಗ್ ಆಲ್ಮನ್ ದನಿ ಮತ್ತು ಆರ್ಗನ್. ಆರ್ಗನ್ ಸೋಲೋ ಬರುವಾಗ ಇಡೀ ತಂಡ ಲಯ ಬದಲಿಸಿ ಜಾಝ್ ವಾಲ್ಟ್ಸ್‌ನ ಮೂರೆಣಿಕೆಯ ನಡೆಗೆ ಹೊರಳುತ್ತದೆ. ನಿದ್ದೆಗಣ್ಣಿನಲ್ಲಿ ಕೂತವರೂ ಎದ್ದು ಕೂರುವ ಜಾಗ ಅದು.

ಈಗ ಹೇಳಿ, ಇದರಲ್ಲಿ ಅಸಲಿ ಯಾವುದು? ಹಾಡು ವಾಕರ್‌ರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಲ್ಮನ್ ಬ್ರದರ್ಸ್ ಹಿಡಿದ ದಾರಿ ಬ್ಲಾಂಡ್ ತಂಡ ಹಾಕಿಕೊಟ್ಟದ್ದು. ಗಿಟಾರ್ ಕಲಿಯುವ ಹುಡುಗರು ಇವತ್ತು ಮೊದಲು ಕಲಿಯುವುದೂ ಆ ದಾರಿಯನ್ನೇ.

ದುಡ್ಡಿನ ಕಥೆ ಬೇರೆ, ಅದು ಚೆನ್ನಾಗಿಲ್ಲ. ವಾಕರ್‌ಗಿಂತ ಮೊದಲೇ, 1942ರಲ್ಲಿ, ಅರ್ಲ್ ಹೈನ್ಸ್‌ರ ಜಾಝ್ ತಂಡದ ಜೊತೆ ಬಿಲ್ಲಿ ಎಕ್‌ಸ್ಟೈನ್ ಹಾಡಿದ 'ಸ್ಟಾರ್ಮಿ ಮಂಡೇ ಬ್ಲೂಸ್' ಎಂಬ ಬೇರೆಯೇ ಹಾಡೊಂದಿತ್ತು. ಎರಡೂ ಒಂದೇ ಅನ್ನಿಸಬಾರದೆಂದು ವಾಕರ್‌ರ ಹಾಡಿಗೆ 'ಕಾಲ್ ಇಟ್ ಸ್ಟಾರ್ಮಿ ಮಂಡೇ, ಬಟ್ ಟ್ಯೂಸ್‌ಡೇ ಈಸ್ ಜಸ್ಟ್ ಆಸ್ ಬ್ಯಾಡ್' ಎಂಬ ಮಾರುದ್ದದ ಹೆಸರಿತ್ತು. ಅಷ್ಟುದ್ದದ ಹೆಸರು ಯಾರು ಹೇಳುತ್ತಾರೆ? ಜನ ಮೊಟಕು ಮಾಡಿದರು. ರೆಕಾರ್ಡ್ ಮಾಡಿದವರೂ ಮೊಟಕು ಮಾಡಿದರು. ಹೀಗೆ ವಾಕರ್‌ರ ಹಾಡಿನ ಹಲವು ರೆಕಾರ್ಡುಗಳ ಮೇಲೆ ಆ ಇನ್ನೊಂದು ಹಾಡಿನ ಹೆಸರೂ ಅದನ್ನು ಬರೆದವರ ಹೆಸರೂ ಕೂತವು. ವಾಕರ್‌ಗೆ ಸೇರಬೇಕಿದ್ದ ರಾಯಲ್ಟಿ ಬೇರೆ ಕಡೆ ಹೋಯಿತು. ಯಾರೂ ಬೇಕೆಂದು ಕದಿಯಲಿಲ್ಲ, ಆದರೆ ಕಳಕೊಂಡವರು ಕಳಕೊಂಡರು.

ಬೇಕೆಂದೇ ಹೆಸರು ಬಿಟ್ಟ ಉದಾಹರಣೆ ಕೇಳಿದರೆ ಎಲ್ಲರೂ ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪೆಲಿನ್ ಕಡೆ ಬೆರಳು ತೋರಿಸುತ್ತಾರೆ. 1969ರ 'ಹೋಲ್ ಲಾಟಾ ಲವ್' ಹಾಡಿನ ಮಾತುಗಳು ಷಿಕಾಗೋದ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ 'ಯು ನೀಡ್ ಲವ್' ಅನ್ನು ಬಹಳ ಹೋಲುತ್ತವೆ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದರು. ಎರಡು ವರ್ಷದ ನಂತರ ರಾಜಿಯಾಯಿತು, ಆಮೇಲೆ ಅವರ ಹೆಸರೂ ಸೇರಿತು. ಅದೇ ತಂಡ 1971ರಲ್ಲಿ 'ವೆನ್ ದ ಲೆವೀ ಬ್ರೇಕ್ಸ್' (ಕಟ್ಟೆ ಒಡೆದಾಗ) ಹಾಡಿದಾಗ ಬ್ಲೂಸ್ ಗಾಯಕಿ ಮೆಂಫಿಸ್ ಮಿನ್ನಿಯ ಹೆಸರನ್ನು ತಾನಾಗಿಯೇ ಹಾಕಿತ್ತು. ತಮಾಷೆಯೆಂದರೆ 1927ರ ಮಿಸಿಸಿಪ್ಪಿ ಪ್ರವಾಹದ ಬಗೆಗಿನ ಆ ಹಾಡನ್ನು 1929ರ ಮೂಲ ರೆಕಾರ್ಡಿನಲ್ಲಿ ಹಾಡಿದ್ದು ಆಕೆಯ ಗಂಡ ಕ್ಯಾನ್ಸಸ್ ಜೋ ಮೆಕಾಯ್. ಮಿನ್ನಿ ಗಿಟಾರ್ ನುಡಿಸಿದ್ದರು. ಜೋ ಹೆಸರು ಬಿಟ್ಟುಹೋಯಿತು. ಹಾಗಂತ ಆ ರಾಕ್ ರೆಕಾರ್ಡನ್ನು ನಾನು ಕಡೆಗಣಿಸುವುದಿಲ್ಲ. ಇಂಗ್ಲೆಂಡಿನ ಹಳೆಯ ಬಂಗಲೆಯೊಂದರ ಮಾಳಿಗೆ ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು, ಮೇಲಿನಿಂದ ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ ಸದ್ದು ಅದು. ಕಟ್ಟೆ ಒಡೆಯೋ ಭಯ ಆ ಡ್ರಮ್ಸ್‌ನಲ್ಲೇ ಇದೆ.

ಇದಕ್ಕೆಲ್ಲ ವಿರುದ್ಧವಾದ ಕಥೆ ಡಬ್ಲ್ಯು.ಸಿ. ಹ್ಯಾಂಡಿಯವರದ್ದು. ಅವರು 1912ರ 'ಮೆಂಫಿಸ್ ಬ್ಲೂಸ್' ಹಕ್ಕನ್ನು ಚಿಲ್ಲರೆ ದುಡ್ಡಿಗೆ ಮಾರಿ ಕೈಸುಟ್ಟುಕೊಂಡಿದ್ದರು. 1914ರ 'ಸೇಂಟ್ ಲೂಯಿಸ್ ಬ್ಲೂಸ್' ಹೊತ್ತಿಗೆ ಬುದ್ಧಿ ಕಲಿತು ತಮ್ಮದೇ ಪ್ರಕಾಶನದಿಂದ ಹೊರತಂದರು. ಅದನ್ನು 1925ರ ಜನವರಿಯಲ್ಲಿ ಬೆಸ್ಸಿ ಸ್ಮಿತ್ ಹಾಡಿದ್ದನ್ನು ತಪ್ಪದೇ ಕೇಳಿ. ಪಕ್ಕದಲ್ಲಿ ಕಾರ್ನೆಟ್ ಎಂಬ ತುತ್ತೂರಿ ಊದುತ್ತಿರುವವರು ಲೂಯಿ ಆರ್ಮ್‌ಸ್ಟ್ರಾಂಗ್, ಆಗ ಅವರಿಗೆ ಇಪ್ಪತ್ತಮೂರು ವರ್ಷ. ಹಿಂದೆ ಎಳೆಎಳೆಯಾಗಿ ಕೇಳುವುದು ರೀಡ್ ಆರ್ಗನ್, ಅಂದರೆ ನಮ್ಮ ಹಾರ್ಮೋನಿಯಂ ಜಾತಿಯದ್ದೇ ವಾದ್ಯ. ಬೇರೆ ತಾಳವಾದ್ಯವೇ ಇಲ್ಲ. ಬೆಸ್ಸಿ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆರ್ಮ್‌ಸ್ಟ್ರಾಂಗ್ ಉತ್ತರ ಕೊಟ್ಟಿರುತ್ತಾರೆ. 1998ರಲ್ಲಿ ಹರ್ಬಿ ಹ್ಯಾನ್‌ಕಾಕ್ ಆಲ್ಬಂಗೆ ಸ್ಟೀವಿ ವಂಡರ್ ಇದೇ ಹಾಡು ಹಾಡಿದರು. ಹ್ಯಾಂಡಿ ಬರೆದು ಆಗಲೇ 84 ವರ್ಷ.

ಹಾಡಿದವರು ಬರೆದವರಾಗದಿದ್ದರೆ, ಅದೇ ಹಾಡನ್ನು ಇನ್ನೊಬ್ಬರು ಹಾಡಿದಾಗ ಅವರಿಗೆ ರಾಯಲ್ಟಿ ಸಿಗುವುದಿಲ್ಲ, ಇದೂ ಗೊತ್ತಿರಲಿ. 'ಹೌಂಡ್ ಡಾಗ್' ಅನ್ನು ಎಲ್ವಿಸ್ ಪ್ರೀಸ್ಲಿಗಿಂತ ಮೊದಲು, 1952ರಲ್ಲಿ, ಹಾಡಿದವರು ಬಿಗ್ ಮಾಮಾ ಥಾರ್ನ್‌ಟನ್. ಅಮೆರಿಕದ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಅದು ಒಂದನೇ ಸ್ಥಾನದಲ್ಲಿತ್ತು. ಬರೆದವರು ಲೀಬರ್ ಮತ್ತು ಸ್ಟೋಲರ್ ಎಂಬ ಹತ್ತೊಂಬತ್ತರ ಹುಡುಗರು. 1956ರಲ್ಲಿ ಎಲ್ವಿಸ್ ರೆಕಾರ್ಡ್ ಲಕ್ಷಗಟ್ಟಲೆ ಮಾರಾಟವಾದರೂ ಅದರಲ್ಲಿ ಥಾರ್ನ್‌ಟನ್‌ಗೆ ಪಾಲಿರಲಿಲ್ಲ. ಹಾಡಿಗೆ ಆ ಗುರುಗುಟ್ಟುವಿಕೆ ಕೊಟ್ಟವರು ಅವರು.

ಕೃತಜ್ಞತೆ ತೋರಿಸಿದವರೂ ಇದ್ದಾರೆ. ಡಿಕ್ಸನ್‌ರದ್ದೇ 'ಲಿಟಲ್ ರೆಡ್ ರೂಸ್ಟರ್' ಅನ್ನು 1961ರಲ್ಲಿ ಹೌಲಿನ್ ವುಲ್ಫ್ ಹಾಡಿದರು. 1963ರಲ್ಲಿ ಸೋಲ್ ಗಾಯಕ ಸ್ಯಾಮ್ ಕುಕ್ ಅದನ್ನು ನಯವಾಗಿಸಿ ಹಾಡಿದರು. ಹಾಡಿನಲ್ಲಿ ನಾಯಿ ಬೊಗಳುವ ಮಾತು ಬಂದಾಗ ಹದಿನಾರರ ಹುಡುಗ ಬಿಲ್ಲಿ ಪ್ರೆಸ್ಟನ್ ಆರ್ಗನ್‌ನಲ್ಲೇ ಬೊಗಳಿಸುತ್ತಾನೆ! ರೋಲಿಂಗ್ ಸ್ಟೋನ್ಸ್ ರೆಕಾರ್ಡ್ 1964ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಮರುವರ್ಷ ಅಮೆರಿಕದ 'ಶಿಂಡಿಗ್' ಟಿವಿ ಕಾರ್ಯಕ್ರಮಕ್ಕೆ ಕರೆ ಬಂದಾಗ, ಹೌಲಿನ್ ವುಲ್ಫ್‌ಗೂ ಅವಕಾಶ ಕೊಡಬೇಕೆಂದು ಪಟ್ಟು ಹಿಡಿದರು. ಆ ದೈತ್ಯ ಮನುಷ್ಯ ಹಾಡುತ್ತಿದ್ದರೆ ಸ್ಟೋನ್ಸ್ ಹುಡುಗರು ಅವರ ಕಾಲ ಬುಡದಲ್ಲಿ ಕೂತು ಕೇಳುತ್ತಿದ್ದರು.

ಹಾಗಾದರೆ ಮೊದಲು ಯಾವುದನ್ನು ಕೇಳಬೇಕು? ವರ್ಷದ ಕ್ರಮದಲ್ಲಿ ಕೇಳಲೇಬೇಕು ಎಂದು ನಾನು ಹೇಳುವುದಿಲ್ಲ. ನಿಮಗೆ ರಾಕ್ ಇಷ್ಟ, ಅಲ್ವಾ? ಆಲ್ಮನ್ ಬ್ರದರ್ಸ್‌ನಿಂದಲೇ ಹಿಂದಕ್ಕೆ ಹೋಗಿ. ಹಾಡಿನ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಬರೆದವರ ಹೆಸರು ಓದಿ, ಅದು ಸರಿಯಿದೆಯೇ ಎಂದು ಇನ್ನೊಂದು ಕಡೆ ನೋಡಿಕೊಳ್ಳಿ. ಆಮೇಲೆ ಬ್ಲಾಂಡ್ ಹಾಕಿ, ಕೊನೆಗೆ ವಾಕರ್. ಮೂರರಲ್ಲೂ ಹೆಬ್ಬೆರಳಿನಿಂದ ಎಣಿಸುತ್ತಾ ಹೋಗಿ. ನಡುಸಾಲಿನ ಉಂಗುರ ಬೆರಳಿಗೆ ಬಂದಾಗ ಕಿವಿ ಕೊಟ್ಟು ನಿಲ್ಲಿ.