ಪೇರೆಂಟ್ ಮತ್ತು ಚೈಲ್ಡ್ ಪ್ರೊಸೆಸ್‌ಗಳ ನಡುವೆ ಎರಡು ಪೈಪ್‌ಗಳು

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಪೇರೆಂಟ್ ಪ್ರೊಸೆಸ್, ಅಂದರೆ ಓಡುತ್ತಿರುವ ಮೂಲ ಪ್ರೋಗ್ರಾಂ, ಒಂದೊಂದೇ ಅಳತೆಯನ್ನು ಕಳುಹಿಸಬೇಕು, ಅದು ಹುಟ್ಟುಹಾಕಿದ ಚೈಲ್ಡ್ ಪ್ರೊಸೆಸ್ ಆ ಅಳತೆಯನ್ನು ಮಿಲಿಮೀಟರ್‌ಗೆ ಬದಲಿಸಿ ಹಿಂದಿರುಗಿಸಬೇಕು ಎಂದಿಟ್ಟುಕೊಳ್ಳೋಣ. 2 ಇಂಚು 35 ಸೆಂಟು ಹೋದರೆ 59.69 ಬರಬೇಕು.

ಯುನಿಕ್ಸ್‌ನ ಪೈಪ್ ಎಂದರೆ ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ದಾರಿ; ಅದನ್ನು ಏಕಮುಖ ಎಂದೇ ಭಾವಿಸಿ ಪ್ರೋಗ್ರಾಂ ಬರೆಯಬೇಕು. ಒಂದೇ ಪೈಪ್ ಅನ್ನು ಎರಡೂ ದಿಕ್ಕಿಗೆ ಬಳಸಿದರೆ ಪೇರೆಂಟ್ ತಾನು ಬರೆದದ್ದನ್ನು ತಾನೇ ಓದಿಬಿಡಬಹುದು. ಆದ್ದರಿಂದ ಫೋರ್ಕ್ ಮಾಡುವ, ಅಂದರೆ ಚೈಲ್ಡ್ ಅನ್ನು ಹುಟ್ಟುಹಾಕುವ, ಮೊದಲೇ ಎರಡು ಪೈಪ್‌ಗಳನ್ನು ತೆರೆಯುತ್ತೇವೆ. ಫೋರ್ಕ್ ಆದೊಡನೆ ಅವುಗಳ ನಾಲ್ಕೂ ತುದಿಗಳು ಎರಡೂ ಪ್ರೊಸೆಸ್‌ಗಳಲ್ಲಿ ತೆರೆದಿರುತ್ತವೆ. ಪ್ರತಿಯೊಂದೂ ತನಗೆ ಬೇಕಾದ ಎರಡನ್ನು ಉಳಿಸಿಕೊಂಡು ಮಿಕ್ಕ ಎರಡನ್ನು ಮುಚ್ಚಬೇಕು. ಇದನ್ನು ಒಳ್ಳೆಯ ಅಭ್ಯಾಸ ಎಂದಷ್ಟೇ ಹೇಳಿದರೆ ಸಾಲದು. ಒಂದು ಪೈಪ್‌ನ ಬರೆಯುವ ತುದಿಗಳೆಲ್ಲ ಮುಚ್ಚಿದ ಮೇಲೆಯೇ, ಅದರಲ್ಲಿ ಉಳಿದ ದತ್ತಾಂಶವೂ ಮುಗಿದಾಗ, ರೀಡ್ ಕರೆ ಕೊನೆಯ ಸೂಚನೆಯಾದ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಚೈಲ್ಡ್ ತಾನು ಓದುತ್ತಿರುವ ಪೈಪ್‌ನ ಬರೆಯುವ ತುದಿಯನ್ನೂ ಹಿಡಿದುಕೊಂಡಿದ್ದರೆ, ಪೇರೆಂಟ್ ತನ್ನ ತುದಿಯನ್ನು ಮುಚ್ಚಿದರೂ ಅದಕ್ಕೆ ಕೊನೆ ಬಂದದ್ದು ತಿಳಿಯುವುದಿಲ್ಲ. ಅದು ಓದಲು ಕಾಯುತ್ತದೆ, ಪೇರೆಂಟ್ ವೇಟ್‌ಪಿಡ್‌ನಲ್ಲಿ ಚೈಲ್ಡ್ ಮುಗಿಯಲೆಂದು ಕಾಯುತ್ತದೆ.

ತುದಿಗಳೆಲ್ಲ ಸರಿಯಿದ್ದರೂ ಪ್ರೋಗ್ರಾಂ ನಿಲ್ಲಬಹುದು. ಸಿ ಭಾಷೆಯ ಪ್ರಿಂಟ್‌ಎಫ್‌ನ ಔಟ್‌ಪುಟ್ ಟರ್ಮಿನಲ್‌ಗೆ ಹೋಗುವಾಗ ಸಾಮಾನ್ಯವಾಗಿ ಸಾಲು ಮುಗಿದಂತೆ ಹೊರಬೀಳುತ್ತದೆ. ಪೈಪ್‌ಗೆ ಹೋಗುವಾಗ ಬಫರ್ (ತಾತ್ಕಾಲಿಕ ಸಂಗ್ರಹ) ತುಂಬುವವರೆಗೆ ಒಳಗೇ ಉಳಿಯುತ್ತದೆ. 59.69 ಚೈಲ್ಡ್‌ನ ಬಫರ್‌ನಲ್ಲೇ ಕುಳಿತಿರುವಾಗ ಪೇರೆಂಟ್ ಉತ್ತರಕ್ಕೂ, ಚೈಲ್ಡ್ ಮುಂದಿನ ಅಳತೆಗೂ ಕಾಯುತ್ತವೆ. ಪ್ರತಿ ಉತ್ತರದ ನಂತರ ಬಫರ್‌ನಲ್ಲಿರುವುದನ್ನು ಹೊರಹಾಕುವ ಎಫ್‌ಫ್ಲಶ್ ಕರೆದರೆ ಸಾಕು.

ದತ್ತಾಂಶ ದೊಡ್ಡದಾದಾಗ ಇನ್ನೊಂದು ತೊಡಕಿದೆ. ಲಿನಕ್ಸ್‌ನಲ್ಲಿ ಪೈಪ್‌ನ ಸಾಮರ್ಥ್ಯ ಸಾಮಾನ್ಯವಾಗಿ 65,536 ಬೈಟ್. ಹತ್ತಾರು ತೋಟಗಳ ಹಲವು ದಶಕಗಳ ದಿನವಹಿ ಮಳೆಯನ್ನು ಪೇರೆಂಟ್ ಉತ್ತರ ಓದದೆ ಒಮ್ಮೆಲೇ ಸುರಿದರೆ, ಮೊದಲು ಉತ್ತರದ ಪೈಪ್ ತುಂಬಿ ಚೈಲ್ಡ್ ನಿಲ್ಲುತ್ತದೆ, ಬಳಿಕ ಪ್ರಶ್ನೆಯ ಪೈಪ್ ತುಂಬಿ ಪೇರೆಂಟ್ ನಿಲ್ಲುತ್ತದೆ. ಒಂದು ಬರೆದು ಒಂದು ಓದುವ ಕ್ರಮ ಸರಳ; ವೇಗ ಬೇಕಿದ್ದರೆ ಯಾವ ತುದಿ ಓದಲು ಅಥವಾ ಬರೆಯಲು ಸಿದ್ಧವಿದೆಯೆಂದು ತಿಳಿಸುವ ಪೋಲ್ ಬಳಸಬೇಕು.

1983ರ ಯುನಿಕ್ಸ್ ಆವೃತ್ತಿಯಾದ 4.2ಬಿಎಸ್‌ಡಿಯಲ್ಲಿ ಬಂದ ಸಾಕೆಟ್‌ಪೇರ್ ಒಂದೇ ಜೋಡಿಯಲ್ಲಿ ಎರಡೂ ದಿಕ್ಕಿನ ಮಾತುಕತೆಯನ್ನು ನಡೆಸುತ್ತದೆ. ಪ್ರಶ್ನೋತ್ತರದ ಇಂತಹ ಕೆಲಸಕ್ಕೆ ನನಗೆ ಅದೇ ಹೆಚ್ಚು ಅನುಕೂಲವೆನಿಸುತ್ತದೆ. ಆದರೆ ಅಲ್ಲಿ ಕಳುಹಿಸುವುದು ಮುಗಿಯಿತೆಂದು ತಿಳಿಸಿ ಉತ್ತರವನ್ನು ಓದುತ್ತಲೇ ಇರಬೇಕಾದರೆ ಎರಡೂ ದಿಕ್ಕನ್ನು ಮುಚ್ಚುವ ಕ್ಲೋಸ್ ಅಲ್ಲ, ಕಳುಹಿಸುವ ದಿಕ್ಕನ್ನಷ್ಟೇ ಮುಚ್ಚಬಲ್ಲ ಶಟ್‌ಡೌನ್ ಕರೆಯಬೇಕು.