ತಿಂಡಿ ಬಿಟ್ರೆ ದಪ್ಪ ಆಗ್ತೀವಾ? ನ್ಯೂಟ್ರಿಷನ್ ರಿಸರ್ಚ್ ಪೇಪರ್ ಓದೋರಿಗೆ ಒಂದಷ್ಟು ನೋಟ್ಸ್

ನಮ್ಮನೇಲಿ ತಿಂಡಿ ಬಿಟ್ರೆ ಪಿತ್ತ ಆಗುತ್ತೆ ಅಂತ ಬೈತಾರೆ, ದಪ್ಪ ಆಗ್ತೀಯ ಅಂತ ಅಜ್ಜಿ ಯಾವತ್ತೂ ಅಂದಿಲ್ಲ. ಆ ಎರಡನೇ ಮಾತು ನಂಗೆ ಸಿಕ್ಕಿದ್ದು ಡಯಟ್ ಚಾರ್ಟಲ್ಲಿ, ಆಮೇಲೆ ಪೇಪರ್‌ಗಳ ಮೊದಲ ಪ್ಯಾರಾದಲ್ಲಿ, ಯಾರೋ ಯಾವಾಗ್ಲೋ ಸಾಬೀತು ಮಾಡಿ ಮುಗಿಸಿದಾರೆ ಅನ್ನೋ ಧಾಟಿಲಿ. ಯಾವ ಥರದ ಸ್ಟಡಿನ ಎಷ್ಟು ನಂಬಬಹುದು ಅಂತ ತೋರ್ಸೋ ಎವಿಡೆನ್ಸ್ ಪಿರಮಿಡ್ ಚಿತ್ರ ನಾವೆಲ್ಲ ಬಾಯಿಪಾಠ ಮಾಡಿರ್ತೀವಿ, ಕೆಳಗೆ ಕೇಸ್ ರಿಪೋರ್ಟ್ (ಒಬ್ಬಿಬ್ರು ರೋಗಿಗಳ ವರದಿ), ತುದೀಲಿ ಮೆಟಾ ಅನಾಲಿಸಿಸ್ (ಹಲವು ಸ್ಟಡಿಗಳ ಲೆಕ್ಕ ಸೇರಿಸಿ ನೋಡೋದು), ಪರೀಕ್ಷೆಗೆ ಅಷ್ಟು ಸಾಕು, ಆದ್ರೆ ನಿಜವಾದ ಪೇಪರ್ ಕೈಗೆ ಕೊಟ್ರೆ ಎಲ್ಲಿಂದ ಹಿಡೀಬೇಕು ಅಂತ್ಲೇ ಗೊತ್ತಾಗಲ್ಲ. ಅದಕ್ಕೆ ತಿಂಡಿ ಮತ್ತು ತೂಕ ಅನ್ನೋ ಒಂದೇ ವಿಷ್ಯ ಇಟ್ಕೊಂಡು ನೋಡೋಣ.

ಮೊದ್ಲು ಅಬ್ಸರ್ವೇಷನಲ್ ಸ್ಟಡಿ. ಸಾವಿರಾರು ಜನರನ್ನ ತಿಂಡಿ ತಿಂತೀರಾ ಅಂತ ಕೇಳಿ, ತೂಕ ನೋಡ್ತಾರೆ, ತಿಂಡಿ ಬಿಡೋರಲ್ಲಿ ದಪ್ಪ ಇರೋರು ಜಾಸ್ತಿ ಅಂತ ಬರುತ್ತೆ. ಅದು ಸುಳ್ಳಲ್ಲ. ಆದ್ರೆ ತಿಂಡಿ ಬಿಡೋರು ಯಾರು ಅಂತ ಯೋಚ್ನೆ ಮಾಡಿ: ನೈಟ್ ಶಿಫ್ಟ್ ಮಾಡೋರು, ಲೇಟಾಗಿ ಮಲ್ಗೋರು, ಸಿಗರೇಟ್ ಸೇದೋರು, ಮತ್ತೆ ಮುಖ್ಯವಾಗಿ ಆಗ್ಲೇ ದಪ್ಪ ಆಗಿ, ಇಳಿಸ್ಬೇಕು ಅಂತ್ಲೇ ತಿಂಡಿ ಬಿಟ್ಟಿರೋರು. ಈ ಕೊನೇವ್ರಲ್ಲಿ ಯಾವ್ದು ಕಾರಣ ಯಾವ್ದು ಪರಿಣಾಮ ಅನ್ನೋದೇ ಉಲ್ಟಾ. ಇಂಥ ಬೇರೆ ಕಾರಣಗಳನ್ನ ಲೆಕ್ಕದಲ್ಲಿ ಕಳೆದು ಅಡ್ಜಸ್ಟ್ ಮಾಡಿದೀವಿ ಅಂತ ಬರೆದಿರ್ತಾರೆ, ಸರಿ, ಆದ್ರೆ ಅಳೆದಿದ್ದನ್ನ ತಾನೆ ಅಡ್ಜಸ್ಟ್ ಮಾಡಕ್ಕಾಗೋದು. 10 ಸಾವಿರದ ಬದ್ಲು 1 ಲಕ್ಷ ಜನ ತಗೊಂಡ್ರೂ ಈ ತೊಂದ್ರೆ ಹೋಗಲ್ಲ, ಪಿ ವ್ಯಾಲ್ಯೂ (ನಿಜಕ್ಕೂ ಸಂಬಂಧ ಇಲ್ದಿದ್ರೂ ಬರೀ ಆಕಸ್ಮಿಕವಾಗಿ ಇಂಥ ರಿಸಲ್ಟ್ ಬರೋ ಸಾಧ್ಯತೆ) ಮಾತ್ರ ಚಿಕ್ಕದಾಗುತ್ತೆ.

ಇದು ಬರೀ ತಕರಾರು ಅನ್ನಿಸಿದ್ರೆ ಬೀಟಾ ಕ್ಯಾರೋಟಿನ್ (ಕ್ಯಾರೆಟ್ ಥರದ ತರಕಾರಿಲಿರೋ ಅಂಶ) ಕತೆ ನೆನಪಿಟ್ಕೊಳಿ. ಅದು ಜಾಸ್ತಿ ಇರೋ ತರಕಾರಿ ತಿನ್ನೋರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ ಸ್ಟಡಿಗಳು ಹೇಳ್ತಿದ್ವು, ಫಿನ್ಲೆಂಡಲ್ಲಿ ಸಿಗರೇಟ್ ಸೇದೋ 29,133 ಗಂಡಸ್ರ ಮೇಲೆ ಟ್ರಯಲ್ ಮಾಡಿದ್ರು, ಅಂದ್ರೆ ಗುಂಪು ಮಾಡಿ ಕೆಲವ್ರಿಗೆ ಅದರ ಮಾತ್ರೆ ಕೊಟ್ಟು ನೋಡಿದ್ರು, 1994ರಲ್ಲಿ ರಿಸಲ್ಟ್ ಬಂದಾಗ ಆ ಮಾತ್ರೆ ತಗೊಂಡೋರಲ್ಲಿ ಕ್ಯಾನ್ಸರ್ 18% ಜಾಸ್ತಿ ಆಗಿತ್ತು.

ವಾಪಸ್ ತಿಂಡಿಗೆ. 2013ರಲ್ಲಿ ಆಂಡ್ರೂ ಬ್ರೌನ್, ಡೇವಿಡ್ ಆಲಿಸನ್ ಇದ್ದ ತಂಡ ಅಮೆರಿಕನ್ ಜರ್ನಲ್ ಆಫ್ ಕ್ಲಿನಿಕಲ್ ನ್ಯೂಟ್ರಿಷನಲ್ಲಿ ಒಂದು ಪೇಪರ್ ಹಾಕಿದ್ರು, ಒಂಥರಾ ಅದು ತಿಂಡಿ ಮೇಲಿನ ಸ್ಟಡಿಗಿಂತ ತಿಂಡಿ ಬಗ್ಗೆ ಬರೆಯೋರ ಮೇಲಿನ ಸ್ಟಡಿ. ಸಂಬಂಧ ಇದೆ ಅಂತ ಎಷ್ಟೋ ವರ್ಷದ ಹಿಂದೇನೇ ಗೊತ್ತಾಗಿದ್ರೂ ಮತ್ತೆ ಮತ್ತೆ ಅದೇ ಮಾದರಿ ಸ್ಟಡಿ ಮಾಡಿ ಅದೇ ಉತ್ತರ ತಗೊಂಡಿದಾರೆ ಅಂತ ತೋರ್ಸಿದ್ರು. ಜೊತೆಗೆ, ಒಬ್ರ ಪೇಪರಲ್ಲಿ 'ಸಂಬಂಧ ಕಂಡಿದೆ' ಅಂತಿದ್ದಿದ್ದು ಇನ್ನೊಬ್ರ ಪೇಪರಿಗೆ ಹೋಗೋಷ್ಟ್ರಲ್ಲಿ 'ಕಾರಣ ಆಗುತ್ತೆ' ಅಂತ ಆಗಿರುತ್ತೆ.

ಇದಕ್ಕೆ ನಂಗೆ ಇಷ್ಟವಾದ ಉದಾಹರಣೆ ಶ್ಲಂಟ್ ಅವ್ರ 1992ರ ಟ್ರಯಲ್, ಇದನ್ನ ದಯವಿಟ್ಟು ನಿಧಾನಕ್ಕೆ ಓದಿ. 52 ಜನ ದಪ್ಪ ಇರೋ ಹೆಂಗಸ್ರು, 12 ವಾರ, ತಿಂಡಿ ತಿನ್ನೋ ಗುಂಪು ಬಿಡೋ ಗುಂಪು ಅಂತ ಚೀಟಿ ಎತ್ತಿದ ಹಾಗೆ ರ‍್ಯಾಂಡಮ್ ಆಗಿ ಹಂಚಿದ್ರು, ಆದ್ರೆ ಹಂಚೋ ಮುಂಚೆ ಯಾರಿಗೆ ತಿಂಡಿ ರೂಢಿ ಇತ್ತು ಯಾರಿಗಿರ್ಲಿಲ್ಲ ಅಂತಾನೂ ಬೇರೆ ಮಾಡಿಟ್ಕೊಂಡಿದ್ರು. ಮುಂಚೆ ತಿಂಡಿ ಬಿಡ್ತಿದ್ದೋರಿಗೆ ತಿನ್ನಿಸಿದಾಗ 7.7 ಕೆಜಿ ಇಳೀತು, ಬಿಟ್ಕೊಂಡೇ ಇದ್ದೋರಿಗೆ 6.0. ಇಷ್ಟೇ ಓದಿದ್ರೆ ತಿಂಡಿ ಗೆದ್ದ ಹಾಗೆ. ಆದ್ರೆ ಮುಂಚೆ ದಿನಾ ತಿನ್ನುತ್ತಿದ್ದೋರ ಕತೆ ನೋಡಿ, ತಿಂಡಿ ಬಿಡ್ಸಿದಾಗ 8.9 ಕೆಜಿ, ತಿಂತಾನೇ ಇದ್ದಾಗ 6.2! ಅಂದ್ರೆ ರೂಢಿ ಬದಲಾಯಿಸಿದೋರು ಎರಡೂ ಕಡೆ ಜಾಸ್ತಿ ಇಳಿಸಿದಾರೆ, ಅದೂ ಇಷ್ಟು ಚಿಕ್ಕ ಗುಂಪಲ್ಲಿ ಗಟ್ಟಿಯಾಗಿ ಹೇಳೋ ಹಾಗಿಲ್ಲ. ಆಮೇಲೆ ಎಷ್ಟೋ ಜನ ಮೊದಲರ್ಧ ಮಾತ್ರ ಎತ್ಕೊಂಡು ತಿಂಡಿ ತಿಂದ್ರೆ ತೂಕ ಇಳಿಯುತ್ತೆ ಅಂತ ಬರ್ಕೊಂಡ್ರು. ಸೈಟೇಷನ್ (ಹಿಂದಿನ ಪೇಪರಿನ ಉಲ್ಲೇಖ) ಇದೆ ಅಂತ ನಂಬ್ಬಿಡೋ ನನ್ನ ಅಭ್ಯಾಸ ಬಿಟ್ಟಿದ್ದು ಈ ನಾಲ್ಕು ನಂಬರ್ ನೋಡಿದ್ಮೇಲೆ.

2014ರಲ್ಲಿ 309 ಜನರನ್ನ ಸೇರಿಸ್ಕೊಂಡು 16 ವಾರದ ದೊಡ್ಡ ಟ್ರಯಲ್ ಬಂತು, ತಿನ್ನಿ ಅಂದೋರಿಗೂ ಬಿಡಿ ಅಂದೋರಿಗೂ ತೂಕ ಇಳಿಯೋದ್ರಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. 2019ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಜರ್ನಲಲ್ಲಿ 13 ಟ್ರಯಲ್ ಸೇರಿಸಿ ನೋಡಿದ್ರು, ತಿಂಡಿ ತಿನ್ನೋರು ದಿನಕ್ಕೆ ಸುಮಾರು 260 ಕ್ಯಾಲರಿ ಜಾಸ್ತಿ ತಿಂದಿದ್ರು, ತಿಂಡಿ ಬಿಟ್ಟೋರ ತೂಕ 0.44 ಕೆಜಿ ಕಮ್ಮಿ ಇತ್ತು. ಹಾಗಂತ ಈಗ ತಿಂಡಿ ಬಿಟ್ರೆ ಸಣ್ಣ ಆಗ್ತೀವಿ ಅಂತ ಕುಣಿಯೋದೂ ಅದೇ ತಪ್ಪು. ಆ ಟ್ರಯಲ್‌ಗಳು ಕೆಲವು ಒಂದೇ ದಿನದ್ದು, ಉದ್ದದ್ದು ಅಂದ್ರೆ 16 ವಾರ, ಕ್ವಾಲಿಟಿ ಕಮ್ಮಿ ಅಂತ ಬರೆದೋರೇ ಒಪ್ಕೊಂಡಿದಾರೆ. ಪಿರಮಿಡ್ ತುದೀಲಿ ಮೆಟಾ ಅನಾಲಿಸಿಸ್ ಕೂತಿರುತ್ತೆ ನಿಜ, ಆದ್ರೆ ಕಲ್ಲು ಸೇರಿರೋ ಅಕ್ಕೀನ ಎಷ್ಟು ಮೂಟೆ ಒಟ್ಟುಮಾಡಿದ್ರೂ ಕಲ್ಲು ಕಲ್ಲೇ.

ಇನ್ನೊಂದು ದೊಡ್ಡ ಕಲ್ಲು, ಜನ ತಿಂದಿದ್ದನ್ನ ಜನಾನೇ ಹೇಳೋದು. ನಿನ್ನೆ ಮಧ್ಯಾಹ್ನ ಎಷ್ಟು ಸೌಟು ಸಾಂಬಾರ್ ಹಾಕೊಂಡ್ರಿ ಹೇಳಿ ನೋಡೋಣ. ಅಮೆರಿಕದಲ್ಲಿ ನಾವು 1200 ಕ್ಯಾಲರಿಗಿಂತ ಕಮ್ಮಿ ತಿಂತೀವಿ ಆದ್ರೂ ತೂಕ ಇಳೀತಿಲ್ಲ ಅಂತ ಹೇಳ್ತಿದ್ದ 10 ಜನರನ್ನ ಲಿಚ್ಮನ್ ತಂಡ ಪರೀಕ್ಷೆ ಮಾಡಿತ್ತು, ಇದೂ 1992. ಡಬ್ಲಿ ಲೇಬಲ್ಡ್ ವಾಟರ್ ಅಂತ, ಭಾರದ ಹೈಡ್ರೋಜನ್ ಮತ್ತು ಭಾರದ ಆಕ್ಸಿಜನ್ ಇರೋ ನೀರು ಕುಡಿಸ್ತಾರೆ. ಹೈಡ್ರೋಜನ್ ಬರೀ ನೀರಾಗಿ ಹೊರಗೆ ಹೋಗುತ್ತೆ, ಆಕ್ಸಿಜನ್ ನೀರಾಗೂ ಹೋಗುತ್ತೆ ಕಾರ್ಬನ್ ಡೈಆಕ್ಸೈಡ್ ಆಗೂ ಹೋಗುತ್ತೆ, ಎರಡರ ವ್ಯತ್ಯಾಸದಿಂದ ದೇಹ ಎಷ್ಟು ಶಕ್ತಿ ಸುಟ್ಟಿದೆ ಅನ್ನೋ ಲೆಕ್ಕ ಸಿಗುತ್ತೆ. ಅವ್ರು ಊಟನ ಸರಾಸರಿ 47% ಕಮ್ಮಿ ಹೇಳಿದ್ರು, ವ್ಯಾಯಾಮನ 51% ಜಾಸ್ತಿ ಹೇಳಿದ್ರು. ಬೇಕಂತ ಸುಳ್ಳು ಹೇಳಿದ್ರು ಅಂತಲ್ಲ, ನಾವೆಲ್ಲ ಹಾಗೇ. ಪೇಪರಿನ ಮೆಥಡ್ಸ್ ಭಾಗದಲ್ಲಿ 'ಫುಡ್ ಫ್ರೀಕ್ವೆನ್ಸಿ ಕ್ವೆಶ್ಚನೇರ್' (ಏನನ್ನ ಎಷ್ಟು ಸಲ ತಿಂತೀರಿ ಅಂತ ಕೇಳೋ ಪ್ರಶ್ನಾವಳಿ) ಅಂತ ಕಂಡ್ರೆ ಇದು ನೆನಪಾಗ್ಲಿ.

ಅಳೆದು ತಿನ್ನಿಸೋ ಸ್ಟಡಿನೂ ಇದೆ. ಸಂಶೋಧಕ ಕೆವಿನ್ ಹಾಲ್ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ 20 ಜನರನ್ನ 28 ದಿನ ಒಳಗೇ ಇಟ್ಕೊಂಡು, ಎರಡು ವಾರ ಅಲ್ಟ್ರಾ ಪ್ರೊಸೆಸ್ಡ್ (ಫ್ಯಾಕ್ಟರಿಲಿ ತಯಾರಾದ ಪ್ಯಾಕೆಟ್ ಥರದ) ಊಟ, ಎರಡು ವಾರ ಅಷ್ಟಾಗಿ ಪ್ರೊಸೆಸ್ ಮಾಡದ ಊಟ ಕೊಟ್ರು, ಮೊದಲ್ನೇದ್ರಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದ್ರು. ಜನ ಕಮ್ಮಿ, ದಿನ ಕಮ್ಮಿ, ಆದ್ರೂ ತಿಂದಿದ್ದೆಷ್ಟು ಅನ್ನೋದ್ರಲ್ಲಿ ಊಹೆ ಇಲ್ಲ. ನಂಗೆ ಇಂಥ 20 ಜನ, ಬಾಯಿಮಾತಿನ 20 ಸಾವಿರಕ್ಕಿಂತ ಹೆಚ್ಚು ಹೇಳ್ತಾರೆ ಅನ್ಸುತ್ತೆ, ಒಪ್ಪದೇ ಇರೋರೂ ಇದಾರೆ.

ದುಡ್ಡು ಯಾರ್ದು ಅಂತ ನೋಡ್ಬೇಕು, ಆದ್ರೆ ಅಲ್ಲಿಗೇ ನಿಲ್ಲಬಾರ್ದು. ಓಟ್ಸ್ ಮಾರೋ ಕಂಪನಿ ದುಡ್ಡಲ್ಲೇ ನಡೆದ, 36 ಜನರ 4 ವಾರದ ಒಂದು ಟ್ರಯಲಲ್ಲಿ ತೂಕ ಇಳಿದಿದ್ದು ತಿಂಡಿ ಬದ್ಲು ನೀರು ಕುಡಿದ ಗುಂಪಿಗೆ! ಅದೇ ಗುಂಪಿಗೆ ಕೊಲೆಸ್ಟ್ರಾಲ್ ಏರಿತ್ತು, ಅದನ್ನೂ ಬರ್ಕೊಳಿ.

ಕೊನೇದಾಗಿ, ತಿಂಡಿ ಅಂದ್ರೆ ಏನು ಅಂತ ಪೇಪರಲ್ಲಿ ಹುಡುಕಿ. ಇಂಗ್ಲೆಂಡಿನ ಬಾತ್ ಊರಲ್ಲಿ ನಡೆದ 6 ವಾರದ ಟ್ರಯಲಲ್ಲಿ ಬೆಳಗ್ಗೆ 11ರೊಳಗೆ ಕಮ್ಮಿ ಅಂದ್ರೂ 700 ಕ್ಯಾಲರಿ ತಿಂದ್ರೆ ಮಾತ್ರ ಅದು ತಿಂಡಿ, ಇನ್ನೊಂದು ಗುಂಪು ಮಧ್ಯಾಹ್ನ 12ರ ತನಕ ಬರೀ ನೀರು. ತೂಕದಲ್ಲಿ ವ್ಯತ್ಯಾಸ ಬರ್ಲಿಲ್ಲ, ತಿಂಡಿ ತಿಂದೋರು ಓಡಾಡಿದ್ದು ಜಾಸ್ತಿ. 700 ಕ್ಯಾಲರಿ ಅಂದ್ರೆ ಚಟ್ನಿ ಸಾಂಬಾರ್ ಲೆಕ್ಕ ಬಿಟ್ಟು ಬರೀ ಇಡ್ಲೀಲೇ ಹತ್ತು ದಾಟುತ್ತೆ, ನಾವು ಬಸ್ ಹಿಡಿಯೋ ಅವಸರದಲ್ಲಿ ನುಂಗೋ ಎರಡು ಇಡ್ಲಿ ಆ ಟ್ರಯಲ್ ಲೆಕ್ಕದಲ್ಲಿ ತಿಂಡೀನೇ ಅಲ್ಲ.